ಹಿಮ, ಹುದುಲು, ಗುಡ್ಡ: ಮೂರಕ್ಕೂ ಒಂದೇ ಟ್ರ್ಯಾಕ್ ಗಾಡಿ ಸಾಕಾ?

ಹಿಮದಾರಿ ಬರೆದಿದ್ದಾರೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಸ್ವಯಂಸೇವಕರ ಒಂದು ಸಣ್ಣ ರಕ್ಷಣಾ ತಂಡ. ಗುಡ್ಡದ ಮೇಲಿನ ಒಂಟಿ ಮನೆಗಳಿಂದ ರೋಗಿಗಳನ್ನು ಕೆಳಗಿನ ರಸ್ತೆವರೆಗೆ ಮುಟ್ಟಿಸುವುದು ನಮ್ಮ ಕೆಲಸ. ಚಳಿಗಾಲದಲ್ಲಿ ಸೊಂಟದವರೆಗೆ ಹಿಮ. ಅದು ಕರಗಿತು ಅಂದರೆ ತಪ್ಪಲಿನ ಬಯಲೆಲ್ಲ ಹುದುಲು. ನಡುವೆ ಕಡಿದಾದ ಏರು. ಇಲ್ಲಿವರೆಗೆ ಸ್ಟ್ರೆಚರ್ ಹೆಗಲ ಮೇಲೆ ಹೊತ್ತೇ ತಂದಿದ್ದೇವೆ. ಈಗ ಒಂದು ಗಾಡಿ ತೆಗೆದುಕೊಳ್ಳುವ ಮಾತು ನಡೆದಿದೆ.

ನಮ್ಮ ಮುಂದೆ ಎರಡು ದಾರಿ ಇವೆ. ಒಂದು, ನಾಲ್ಕು ಚಕ್ರದ ಸೈಡ್-ಬೈ-ಸೈಡ್ ಗಾಡಿಗೆ (ಅಕ್ಕಪಕ್ಕ ಸೀಟು ಇರುವ ಸಣ್ಣ ತೆರೆದ ಗಾಡಿ) ಚಕ್ರ ಬಿಚ್ಚಿ ಟ್ರ್ಯಾಕ್ ಕಿಟ್, ಅಂದರೆ ಚಕ್ರದ ಬದಲು ಉರುಳುವ ರಬ್ಬರ್ ಪಟ್ಟಿ, ಹಾಕಿಸುವುದು. ಇನ್ನೊಂದು, ಹಿಂದೆ ಮುಂದೆ ಎರಡು ಕ್ಯಾಬಿನ್ ಇರುವ, ನಡುವೆ ಕೀಲು ಇರುವ ಹಳೆಯ ಟ್ರ್ಯಾಕ್ ಗಾಡಿ. ಮಾರುವವರು ಇಬ್ಬರೂ 'ನೆಲದ ಮೇಲಿನ ಒತ್ತಡ ಇಷ್ಟೇ ಇಷ್ಟು' ಅಂತ ಒಂದೇ ಸಂಖ್ಯೆ ಹಿಡಿದು ಮಾತಾಡುತ್ತಾರೆ. ಆ ಒಂದು ಸಂಖ್ಯೆ ನಂಬಿ ತೀರ್ಮಾನ ಮಾಡಬಹುದಾ? ಒಬ್ಬ ರೋಗಿ ಮಲಗಬೇಕು, ಜೊತೆಗೆ ಇಬ್ಬರು ಕೂರಬೇಕು. ಓಡಿಸಿ ಗೊತ್ತಿರುವವರು ದಯವಿಟ್ಟು ವಿವರವಾಗಿ ಹೇಳಿ.

ಸ್ಪ್ರಾಕೆಟ್ ಬರೆದಿದ್ದಾರೆ:

ಒಳ್ಳೇ ಕೆಲಸ ಮಾಡ್ತಿದ್ದೀರಿ ಸರ್. ಮೊದಲು ಆ ಸಂಖ್ಯೆಯ ವಿಷಯ ನೋಡೋಣ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

ಲೆಕ್ಕ ಸುಲಭ. ಗಾಡಿಯ ಒಟ್ಟು ತೂಕವನ್ನು ನೆಲ ಮುಟ್ಟುವ ಟ್ರ್ಯಾಕ್‌ನ ವಿಸ್ತೀರ್ಣದಿಂದ ಭಾಗಿಸುತ್ತಾರೆ, ಅಷ್ಟೆ. ಸಾಮಾನ್ಯ ಕಾರಿನ ಟೈರು ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋ ಒತ್ತಡ ಹಾಕುತ್ತದೆ. ಒಬ್ಬ ಮನುಷ್ಯ ಎರಡೂ ಕಾಲೂರಿ ನಿಂತರೆ ಹೆಚ್ಚುಕಡಿಮೆ 0.2 ಕಿಲೋ. ನಡೆಯುವಾಗ ಭಾರ ಒಂದೇ ಕಾಲಿನ ಮೇಲೆ ಬೀಳುವುದರಿಂದ ಅದು ದುಪ್ಪಟ್ಟಾಗುತ್ತದೆ. ಸ್ವೀಡನ್ನಿನ ಹೆಗ್ಲುಂಡ್ಸ್ ಕಂಪನಿ 1980ರಿಂದ ಕೊಡುತ್ತಾ ಬಂದ ಬಿವಿ206 ಎಂಬ ಎರಡು ಕ್ಯಾಬಿನ್ ಗಾಡಿ ಸುಮಾರು 0.14ರಲ್ಲಿ ನಿಲ್ಲುತ್ತದೆ. ಸ್ಕೀ ಇಳಿಜಾರು ಹದ ಮಾಡುವ ಅಗಲ ಟ್ರ್ಯಾಕ್‌ನ ಯಂತ್ರಗಳದ್ದು 0.05ರ ಆಸುಪಾಸು. ಅಂದರೆ ನೀವು ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಗುವ ಹಿಮದ ಮೇಲೆ ಟನ್‌ಗಟ್ಟಲೆ ತೂಕದ ಯಂತ್ರ ಸಲೀಸಾಗಿ ಹೋಗುತ್ತದೆ.

ತೊಂದರೆ ಏನಪ್ಪಾ ಅಂದರೆ, ಈ ಲೆಕ್ಕ ಭಾರ ಎಲ್ಲ ಕಡೆ ಸಮನಾಗಿ ಹಂಚಿದೆ ಅಂತ ಅಂದುಕೊಳ್ಳುತ್ತದೆ. ನಿಜದಲ್ಲಿ ಹಾಗಿರುವುದಿಲ್ಲ. ಭಾರ ಇಳಿಯುವುದು ಟ್ರ್ಯಾಕ್ ಒಳಗಿನ ರೋಲರ್‌ಗಳ ಮೂಲಕ. ಪ್ರತಿ ರೋಲರ್ ಕೆಳಗೆ ಒತ್ತಡ ಏರುತ್ತದೆ, ಎರಡು ರೋಲರ್ ನಡುವೆ ಇಳಿಯುತ್ತದೆ. ಮೂರೇ ರೋಲರ್ ಇರುವ ಗಾಡಿ ಮತ್ತು ಆರು ರೋಲರ್ ಇರುವ ಗಾಡಿ, ಎರಡರದ್ದೂ ಸರಾಸರಿ ಒಂದೇ ಇರಬಹುದು. ಮೆತ್ತನೆ ನೆಲದಲ್ಲಿ ಮಾತ್ರ ಮೂರರದ್ದು ಮೊದಲು ಕೂರುತ್ತದೆ. ಅದಕ್ಕೇ ಗಾಡಿ ನೋಡಲು ಹೋದಾಗ ಬಗ್ಗಿ ಒಳಗೆ ನೋಡಿ. ರೋಲರ್ ಎಷ್ಟು, ಎಷ್ಟು ಹತ್ತಿರ ಇವೆ, ಒಂದೊಂದೂ ಮೇಲೆ ಕೆಳಗೆ ಆಡುತ್ತದಾ, ಇವನ್ನು ಗಮನಿಸಿ.

ಇನ್ನೊಂದು ವಿಷಯ. ಬ್ರೋಷರ್‌ನಲ್ಲಿ ಇರುವುದು ಬಹುಪಾಲು ಖಾಲಿ ಗಾಡಿಯ ಲೆಕ್ಕ. ರೋಗಿ, ಇಬ್ಬರು, ಸ್ಟ್ರೆಚರ್, ಆಮ್ಲಜನಕದ ಸಿಲಿಂಡರ್, ಇಂಧನ, ಹಗ್ಗ ಎಲ್ಲ ಸೇರಿಸಿ ನೀವೇ ಭಾಗಿಸಿ ನೋಡಿ.

ಜೌಗುನೆಲ ಬರೆದಿದ್ದಾರೆ:

ಸ್ಪ್ರಾಕೆಟ್ ಹೇಳಿದ್ದಕ್ಕೆ ನನ್ನದೊಂದು ಸೇರ್ಪಡೆ. ನಾನು ಓಡಿಸುವುದು ಹೆಚ್ಚಾಗಿ ಹುದುಲಿನಲ್ಲಿ, ಆದ್ದರಿಂದ ಅದರ ಬಗ್ಗೆ ಮಾತ್ರ ಹೇಳುತ್ತೇನೆ.

ಹುದುಲು ಅಂದರೆ ಬರೀ ಕೆಸರಲ್ಲ. ಮೇಲುಗಡೆ ಬೇರು, ಹುಲ್ಲು, ಪಾಚಿ ಹೆಣೆದುಕೊಂಡು ಒಂದು ಹಾಸು ಆಗಿರುತ್ತದೆ. ಅದರ ಕೆಳಗೆ ನೀರು ತುಂಬಿದ ಕೊಳೆತ ಮಣ್ಣು. ನಿಮ್ಮನ್ನು ಹೊರುವುದು ಆ ಮೇಲಿನ ಹಾಸು. ಅದು ಹರಿಯದೇ ಇರುವವರೆಗೆ ಗಾಡಿ ನಿರಾಳವಾಗಿ ಹೋಗುತ್ತದೆ. ಹರಿಯಿತು ಅಂದರೆ ಕೆಳಗೆ ಹಿಡಿಯಲು ಏನೂ ಇಲ್ಲ.

ಹಾಸು ಹರಿಯುವುದು ಯಾವಾಗ? ಬಹುಪಾಲು ತಿರುಗಿಸುವಾಗ. ಎಡಗಡೆ ಟ್ರ್ಯಾಕ್ ನಿಲ್ಲಿಸಿ ಬಲಗಡೆಯದನ್ನು ಓಡಿಸಿ ತಿರುಗುವ ಗಾಡಿಗಳಿವೆಯಲ್ಲ, ಅವು ನಿಂತ ಟ್ರ್ಯಾಕನ್ನು ಅಡ್ಡಡ್ಡ ಉಜ್ಜುತ್ತವೆ. ಗಟ್ಟಿ ನೆಲದಲ್ಲಿ ಅದು ಬರೀ ಗೀರು. ಹುದುಲಿನಲ್ಲಿ ಅದೇ ಉಜ್ಜಾಟಕ್ಕೆ ಬೇರಿನ ಹಾಸು ಸಿಪ್ಪೆ ಸುಲಿದಂತೆ ಎದ್ದು ಬರುತ್ತದೆ. ನಡುವೆ ಕೀಲು ಇರುವ ಗಾಡಿ ಹಾಗಲ್ಲ. ಮುಂದಿನ ಕ್ಯಾಬಿನ್ ಮತ್ತು ಹಿಂದಿನ ಕ್ಯಾಬಿನ್ ನಡುವಿನ ಹೈಡ್ರಾಲಿಕ್ ಸಿಲಿಂಡರ್‌ಗಳು ಇಡೀ ಗಾಡಿಯನ್ನೇ ಬಾಗಿಸುತ್ತವೆ. ನಾಲ್ಕೂ ಟ್ರ್ಯಾಕ್ ಮುಂದಕ್ಕೆ ಉರುಳುತ್ತಲೇ ಇರುತ್ತವೆ, ಯಾವುದೂ ನಿಲ್ಲುವುದಿಲ್ಲ. ಹುದುಲು ನಿಮಗೆ ನಿಜಕ್ಕೂ ದೊಡ್ಡ ತಲೆನೋವಾಗಿದ್ದರೆ, ಆ ಹಳೆಯ ಎರಡು ಕ್ಯಾಬಿನ್ ಗಾಡಿಯ ಪರ ನನ್ನ ವೋಟು ಇದೊಂದೇ ಕಾರಣಕ್ಕೆ.

ಮತ್ತೆ, ಬಂದ ಜಾಡಿನಲ್ಲೇ ವಾಪಸ್ ಹೋಗಬೇಡಿ. ಮೊದಲ ಸಲ ಹಾಸು ತಡೆದುಕೊಳ್ಳುತ್ತದೆ. ಎರಡನೇ ಸಲ ಬಾಗುತ್ತದೆ, ಅದಾದ ಮೇಲೆ ಯಾವಾಗ ಬೇಕಾದರೂ ಹರಿಯಬಹುದು. ಹಿಂದೆ ಇನ್ನೊಂದು ಗಾಡಿ ಬರುತ್ತಿದ್ದರೆ ಅದು ಪಕ್ಕದಲ್ಲಿ ಹೊಸ ಜಾಡು ಹಿಡಿಯಲಿ.

ಹಿಮದಾರಿ ಬರೆದಿದ್ದಾರೆ:

ಇದು ನಮಗೆ ಗೊತ್ತೇ ಇರಲಿಲ್ಲ. ಆದರೆ ಹಿಮದಲ್ಲಿ ಓಡಿಸುವವರೊಬ್ಬರು 'ಬಂದ ಜಾಡಿನಲ್ಲೇ ಹೋಗಿ, ಜಾಡು ಬಿಡಬೇಡಿ' ಅಂತ ಹೇಳಿದ್ದರು. ಇದು ಉಲ್ಟಾ ಆಯಿತಲ್ವಾ?

ಬಿಳಿಗುಡ್ಡ ಬರೆದಿದ್ದಾರೆ:

ಅವರು ಹೇಳಿದ್ದೂ ಸರಿ, ಜೌಗುನೆಲ ಹೇಳಿದ್ದೂ ಸರಿ.

ಹಿಮದ ಗುಣವೇ ಬೇರೆ. ಟ್ರ್ಯಾಕ್ ಕೆಳಗೆ ಹಿಮದ ಹರಳುಗಳು ಪುಡಿಯಾಗಿ ಹತ್ತಿರ ಬರುತ್ತವೆ. ಆಮೇಲೆ ಸುಮ್ನೆ ಬಿಟ್ಟರೆ, ಕೆಲವು ಗಂಟೆಗಳಲ್ಲಿ ಹರಳಿಗೆ ಹರಳು ಬೆಸೆದುಕೊಂಡು ಗಟ್ಟಿಯಾಗುತ್ತದೆ. ಸಂಜೆ ತುಳಿದ ಹಾದಿ ರಾತ್ರಿ ಚಳಿಗೆ ಕಟ್ಟಿಕೊಂಡು ಬೆಳಗ್ಗೆ ಸ್ಟ್ರೆಚರ್ ಹೊತ್ತವರನ್ನೂ ತಡೆದುಕೊಳ್ಳುತ್ತದೆ. ಸ್ಕೀ ಇಳಿಜಾರುಗಳನ್ನು ರಾತ್ರಿ ಹೊತ್ತು ಹದ ಮಾಡುವುದಕ್ಕೂ ಇದೊಂದು ಕಾರಣ. ಹಾಗಾಗಿ ನಿಮ್ಮಂಥ ತಂಡಕ್ಕೆ ನನ್ನ ದೊಡ್ಡ ಸಲಹೆ ಇದು: ಕರೆ ಬರುವವರೆಗೆ ಕಾಯಬೇಡಿ. ಹಿಮ ಬಿದ್ದು ನಿಂತ ಕೂಡಲೇ ಮುಖ್ಯ ಹಾದಿಯ ಮೇಲೆ ಖಾಲಿ ಗಾಡಿ ಓಡಿಸಿ ಹಾದಿ ಕಟ್ಟಿಬಿಡಿ. ರೋಗಿ ಇರುವ ದಿನ ಹೊಸ ಹಿಮದಲ್ಲಿ ದಾರಿ ಮಾಡುವ ಗೋಳು ಇರುವುದಿಲ್ಲ.

ಆಳದ ಸಡಿಲ ಹಿಮದಲ್ಲಿ ಗಾಡಿ ನಿಲ್ಲುವುದು ಶಕ್ತಿ ಸಾಲದೆ ಅಲ್ಲ. ಗಾಡಿ ಇಳಿಯುತ್ತಾ ಇಳಿಯುತ್ತಾ ಹೊಟ್ಟೆ ಹಿಮದ ಮೇಲೆ ಕೂತುಬಿಡುತ್ತದೆ. ಆಗ ಭಾರವೆಲ್ಲ ಹೊಟ್ಟೆಯ ಮೇಲೆ, ಟ್ರ್ಯಾಕ್ ಮೇಲೆ ಭಾರವೇ ಇಲ್ಲ. ಟ್ರ್ಯಾಕ್ ಸುಮ್ಮನೆ ತಿರುಗಿ ಗುಂಡಿ ತೋಡುತ್ತದೆ. ಆ ಹೊತ್ತಿಗೆ ಆಕ್ಸಿಲರೇಟರ್ ಒತ್ತುವುದು ಎಲ್ಲರಿಗೂ ಬರುವ ಮೊದಲ ಯೋಚನೆ. ದಯವಿಟ್ಟು ಬೇಡ. ಗೇರ್ ಹಿಂದಕ್ಕೆ ಹಾಕಿ, ನಿಧಾನವಾಗಿ, ಬಂದ ಜಾಡಿನಲ್ಲೇ ಸರಿಯಿರಿ. ಸರಿಯದಿದ್ದರೆ ಇಳಿದು ಸನಿಕೆಯಿಂದ ಹೊಟ್ಟೆಯ ಕೆಳಗಿನ ಹಿಮ ತೆಗೆಯಿರಿ. ಟ್ರ್ಯಾಕ್ ಮುಂದಿನದ್ದನ್ನು ಆಮೇಲೆ ನೋಡಿದರಾಯಿತು.

ಸಾಮಾನು ತುಂಬುವಾಗ ಹಿಂದೆ ಜಾಸ್ತಿ ಹೇರಬೇಡಿ. ಬಾಲ ಕುಸಿದು ಮೂತಿ ಎದ್ದರೆ ಗಾಡಿ ಹಿಮವನ್ನು ಏರುತ್ತಲೇ ಇರುತ್ತದೆ, ಮೇಲೆ ಮಾತ್ರ ಬರುವುದಿಲ್ಲ.

ಗುಡ್ಡದಂಚು ಬರೆದಿದ್ದಾರೆ:

ಏರಿನ ಬಗ್ಗೆ ಯಾರೂ ಇನ್ನೂ ಬರೆದಿಲ್ಲ. ನನಗೆ ಜಾಸ್ತಿ ಭಯ ಇರುವುದು ಅಲ್ಲೇ.

ಬ್ರೋಷರ್‌ನಲ್ಲಿ 'ಶೇಕಡಾ 60 ಏರು ಹತ್ತುತ್ತದೆ' ಅಂತ ಇದ್ದರೆ ಅದನ್ನು 60 ಡಿಗ್ರಿ ಅಂದುಕೊಳ್ಳಬೇಡಿ. ಶೇಕಡಾ 100 ಅಂದರೆ 45 ಡಿಗ್ರಿ. ಶೇಕಡಾ 60 ಅಂದರೆ 31 ಡಿಗ್ರಿ. ಅದೂ ಗಟ್ಟಿಯಾದ, ಒಣ ನೆಲದ ಮೇಲೆ. ಹಿಮದ ಮೇಲೆ ಅದರ ಹತ್ತಿರವೂ ಹೋಗುವುದಿಲ್ಲ, ಏಕೆಂದರೆ ಅಲ್ಲಿ ಜಾರುವುದು ಟ್ರ್ಯಾಕ್ ಅಲ್ಲ, ಟ್ರ್ಯಾಕ್ ಕಚ್ಚಿ ಹಿಡಿದ ಹಿಮದ ಪದರವೇ ಕಿತ್ತುಕೊಂಡು ಬರುತ್ತದೆ.

ಏರು ಹತ್ತುವಾಗ ನೇರ ಹತ್ತಿ, ನೇರ ಇಳಿಯಿರಿ. ಅಡ್ಡ ಇಳಿಜಾರಿನಲ್ಲಿ ಹೋದರೆ ಎರಡು ಅಪಾಯ. ಮೊದಲನೆಯದು ಮಗುಚುವುದು, ಅದು ಎಲ್ಲರಿಗೂ ಗೊತ್ತು. ಎರಡನೆಯದು ಟ್ರ್ಯಾಕ್ ಕಳಚುವುದು. ಗಾಡಿಯ ಭಾರ ಕೆಳಗಡೆಗೆ ಜಗ್ಗುತ್ತದೆ, ಟ್ರ್ಯಾಕ್ ನೆಲ ಕಚ್ಚಿ ನಿಂತಿರುತ್ತದೆ, ರೋಲರ್‌ಗಳು ಟ್ರ್ಯಾಕ್‌ನ ಒಳಹಲ್ಲಿನ ಮೇಲೆ ಹತ್ತಿ ಆಚೆ ಜಾರುತ್ತವೆ. ಆ ಸದ್ದು ಒಮ್ಮೆ ಕೇಳಿದರೆ ಮರೆಯುವುದಿಲ್ಲ: ಟಕ್, ಟಕ್ ಅಂತ ರಬ್ಬರ್ ಹಲ್ಲು ಹಾರುವ ಸದ್ದು. ಕೇಳಿದ ಕ್ಷಣ ನಿಲ್ಲಿಸಬೇಕು. ಇನ್ನೆರಡು ಮಾರು ಹೋದರೆ ಇಳಿಜಾರಿನಲ್ಲೇ ಟ್ರ್ಯಾಕ್ ಬಿಚ್ಚಿ ಹಾಕುವ ಕೆಲಸ, ಅದೂ ರೋಗಿಯನ್ನು ಒಳಗಿಟ್ಟುಕೊಂಡು.

ಇನ್ನು ಹಿಮಕುಸಿತ. ದೊಡ್ಡ ಹಿಮಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲೇ ಆಗುತ್ತವೆ. ಕೆಳಗೆ ಸಡಿಲ ಪದರ, ಮೇಲೆ ಗಟ್ಟಿ ಹಾಳೆ ಇದ್ದರೆ ಗಾಡಿಯ ಭಾರಕ್ಕೇ ಅದು ಬಿರುಕು ಬಿಡಬಹುದು. ಗಾಡಿ ಹತ್ತುತ್ತದೆ ಅನ್ನುವುದು ಬೇರೆ, ಹತ್ತಬಹುದು ಅನ್ನುವುದು ಬೇರೆ. ಹಾದಿಯನ್ನು ಬೇಸಿಗೆಯಲ್ಲೇ ನಡೆದು, ಇಳಿಜಾರು ಅಳೆದು, ನಕ್ಷೆ ಮಾಡಿಟ್ಟುಕೊಳ್ಳಿ. ಅಂಥ ಇಳಿಜಾರಿನ ಮೇಲೂ ಹೋಗಬಾರದು, ಅದರ ಬುಡದಲ್ಲೂ ನಿಲ್ಲಬಾರದು.

ಎತ್ತರದ ಬಗ್ಗೆ ಒಂದೇ ಮಾತು: ಟರ್ಬೊ ಇಲ್ಲದ ಇಂಜಿನ್ ಪ್ರತಿ 1000 ಮೀಟರಿಗೆ ಸುಮಾರು ಹತ್ತನೇ ಒಂದು ಭಾಗ ಶಕ್ತಿ ಕಳೆದುಕೊಳ್ಳುತ್ತದೆ.

ಹಳೇಪುಟ ಬರೆದಿದ್ದಾರೆ:

ಹಿಮದಾರಿ ಅವರ ಕೆಲಸ ಕೇಳಿದಾಗ ನನಗೆ ಜೋಸೆಫ್-ಅರ್ಮಾಂಡ್ ಬೊಂಬಾರ್ಡಿಯೇ ನೆನಪಾದರು. ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್‌ಕೋರ್ ಎಂಬ ಊರಿನ ಮೆಕ್ಯಾನಿಕ್. 1934ರ ಚಳಿಗಾಲದಲ್ಲಿ ಅವರ ಎರಡು ವರ್ಷದ ಮಗನಿಗೆ ಹೊಟ್ಟೆಯ ಸೋಂಕು ಬಿಗಡಾಯಿಸಿತು. ರಸ್ತೆಗಳೆಲ್ಲ ಹಿಮದಲ್ಲಿ ಮುಚ್ಚಿದ್ದವು. ಆಸ್ಪತ್ರೆಗೆ ಒಯ್ಯಲು ಆಗಲೇ ಇಲ್ಲ, ಮಗು ತೀರಿಕೊಂಡಿತು. ಹಿಮದ ಮೇಲೆ ಓಡುವ ಗಾಡಿಯ ಪ್ರಯತ್ನ ಅವರು ಹುಡುಗನಾಗಿದ್ದಾಗಲೇ ಶುರು ಮಾಡಿದ್ದರು. ಆಮೇಲೆ ಅದನ್ನು ಬಿಡಲಿಲ್ಲ. ರಬ್ಬರ್ ಹೊದಿಸಿದ ಸ್ಪ್ರಾಕೆಟ್ (ಟ್ರ್ಯಾಕ್ ಓಡಿಸುವ ಹಲ್ಲುಚಕ್ರ) ಮತ್ತು ಟ್ರ್ಯಾಕ್‌ನ ವ್ಯವಸ್ಥೆಗೆ 1937ರಲ್ಲಿ ಪೇಟೆಂಟ್ ಸಿಕ್ಕಿತು. ಏಳು ಜನ ಕೂರುವ ಬಿ7 ಗಾಡಿ ಬಂತು. ಅದನ್ನು ಮೊದಲು ಕೊಂಡವರಲ್ಲಿ ಹಳ್ಳಿಗಾಡಿನ ವೈದ್ಯರೂ ಇದ್ದರು. 1953ರಲ್ಲಿ ಹುದುಲಿಗೆಂದೇ ಮಸ್ಕೆಗ್ ಟ್ರ್ಯಾಕ್ಟರ್ ಮಾಡಿದರು. ನಿಮ್ಮ ಎರಡು ಸಮಸ್ಯೆಗಳಿಗೂ ಒಬ್ಬರೇ ಮನುಷ್ಯ ತಲೆ ಕೆಡಿಸಿಕೊಂಡಿದ್ದರು ನೋಡಿ.

ಇವರಿಗೂ ಮುಂಚೆ ಅಡಾಲ್ಫ್ ಕೆಗ್ರೆಸ್ ಅಂತ ಒಬ್ಬ ಫ್ರೆಂಚ್ ಇಂಜಿನಿಯರ್. ರಷ್ಯಾದ ತ್ಸಾರ್ ಎರಡನೇ ನಿಕೋಲಸ್‌ನ ಕಾರುಗಳನ್ನು ನೋಡಿಕೊಳ್ಳುತ್ತಿದ್ದರು. ಹಿಮದಲ್ಲಿ ಓಡಲಿ ಅಂತ ಕಾರಿನ ಹಿಂದಿನ ಚಕ್ರ ತೆಗೆದು ಮೆತ್ತನೆ ರಬ್ಬರ್ ಪಟ್ಟಿ ಜೋಡಿಸಿದರು. ಕ್ರಾಂತಿಯ ನಂತರ ಫ್ರಾನ್ಸಿಗೆ ಮರಳಿ ಸಿಟ್ರೊಯೆನ್ ಸೇರಿದರು. ಅದೇ ಪಟ್ಟಿಯ ಗಾಡಿಗಳು 1922ರ ಡಿಸೆಂಬರಿನಲ್ಲಿ ಹೊರಟು ಸಹಾರಾ ದಾಟಿದವು. 1931ರಲ್ಲಿ ಅಂಥ ಎರಡು ಗಾಡಿ ಶ್ರೀನಗರದಿಂದ ಬುರ್ಜಿಲ್ ಕಣಿವೆದಾರಿ ದಾಟಿ ಗಿಲ್ಗಿಟ್ ತಲುಪಿದವು. ಕುದುರೆ ಹೋಗುವಷ್ಟೇ ಅಗಲದ ಹಾದಿ. ಒಂದು ಕಡೆ ಗಾಡಿಯ ಕೆಳಗೆ ಹಾದಿಯೇ ಕುಸಿದು ಅದು ಪ್ರಪಾತದ ಅಂಚಿನಲ್ಲಿ ನೇತಾಡಿತು. ಗಿಲ್ಗಿಟ್‌ನಲ್ಲಿ ಗಾಡಿ ಬಿಟ್ಟು ಮುಂದೆ ಕುದುರೆಗಳ ಮೇಲೆ ಹೋದರು. ಗಾಡಿ ತಡೆದುಕೊಂಡಿತು, ಹಾದಿ ತಡೆದುಕೊಳ್ಳಲಿಲ್ಲ. ಗುಡ್ಡದಂಚು ಹೇಳಿದ ಮಾತಿಗೆ ಇದಕ್ಕಿಂತ ಸಾಕ್ಷಿ ಬೇಕಾ?

ಸ್ಪ್ರಾಕೆಟ್ ಬರೆದಿದ್ದಾರೆ:

ಹಳೇಪುಟ ಸರ್, ಅಂಟಾರ್ಕ್ಟಿಕಾದ್ದೂ ಹೇಳಿ. ಎರಡು ತರಹದ ಗಾಡಿ ಹೋಲಿಸಲು ಅದು ಚೆನ್ನಾಗಿದೆ.

ಹಳೇಪುಟ ಬರೆದಿದ್ದಾರೆ:

ಹೌದು, ಅಲ್ಲಿ ಎರಡೂ ಒಟ್ಟಿಗೇ ಇದ್ದವು. 1957-58ರಲ್ಲಿ ವಿವಿಯನ್ ಫುಕ್ಸ್ ಅವರ ತಂಡ ಟಕರ್ ಸ್ನೋ-ಕ್ಯಾಟ್‌ಗಳಲ್ಲಿ ಅಂಟಾರ್ಕ್ಟಿಕಾ ಖಂಡವನ್ನು ಈ ತುದಿಯಿಂದ ಆ ತುದಿಗೆ ದಾಟಿತು. 99 ದಿನ, 3,473 ಕಿಲೋಮೀಟರ್. ಆಚೆ ಬದಿಯಿಂದ ಎಡ್ಮಂಡ್ ಹಿಲರಿ ಫರ್ಗ್ಯುಸನ್ ಟ್ರ್ಯಾಕ್ಟರ್‌ಗಳಿಗೆ ಟ್ರ್ಯಾಕ್ ಹಾಕಿಸಿಕೊಂಡು ಹೊರಟು, 1958ರ ಜನವರಿ 4ರಂದು ದಕ್ಷಿಣ ಧ್ರುವ ಮುಟ್ಟಿದರು. ಹೊಲ ಉಳುವ ಟ್ರ್ಯಾಕ್ಟರ್! ಅಂದರೆ ಕಿಟ್ ಹಾಕಿದ ಗಾಡಿ ಕೈಲಾಗದ್ದು ಅಂತ ಯಾರೂ ಹೇಳಬೇಡಿ.

ಆದರೆ ಸ್ನೋ-ಕ್ಯಾಟ್‌ನ ರಚನೆ ನೋಡಿ. ನಾಲ್ಕು ಮೂಲೆಗೆ ನಾಲ್ಕು ಟ್ರ್ಯಾಕ್, ಒಂದೊಂದೂ ತನ್ನ ಕೀಲಿನ ಮೇಲೆ ಮೂತಿ ಎತ್ತಿ ಇಳಿಸುತ್ತದೆ. ಹಿಮಬಿರುಕಿನ ಮೇಲೆ ಒಂದು ಟ್ರ್ಯಾಕ್ ನೇತಾಡಿದರೂ ಉಳಿದ ಮೂರು ನೆಲ ಬಿಡುವುದಿಲ್ಲ. ಬಿರುಕಿಗೆ ಅಡ್ಡಲಾಗಿ ಹಾಗೆ ತೂಗಿ ನಿಂತ ಸ್ನೋ-ಕ್ಯಾಟ್ ಫೋಟೊ ಆ ಕಾಲದಲ್ಲಿ ಬಹಳ ಪ್ರಸಿದ್ಧ. ಈಗಿನ ಎರಡು ಕ್ಯಾಬಿನ್ ಗಾಡಿಗಳಿಗೂ ನಾಲ್ಕು ಟ್ರ್ಯಾಕ್ ಇರುತ್ತವೆ. ರಷ್ಯಾದ ವಿಟ್ಯಾಜ್ ಡಿಟಿ-30 ಅದೇ ದಾರಿಯಲ್ಲಿ 30 ಟನ್ ಸಾಮಾನು ಹೊರುತ್ತದೆ. ನಮ್ಮ ದೇಶದ ಅಂಟಾರ್ಕ್ಟಿಕಾ ಕೇಂದ್ರಗಳಾದ ಮೈತ್ರಿ, ಭಾರತಿಗಳಲ್ಲಿ ಬಳಸುವ ಪಿಸ್ಟನ್‌ಬುಲ್ಲಿ ಮಾತ್ರ ಬೇರೆ ಜಾತಿ: ಎರಡೇ ಟ್ರ್ಯಾಕ್, ಬಹಳ ಅಗಲ, ಹಿಮಕ್ಕೆಂದೇ ಮಾಡಿದ್ದು.

ಹಿಮದಾರಿ ಬರೆದಿದ್ದಾರೆ:

ಇಷ್ಟೊಂದು ವಿಷಯ! ತುಂಬಾ ಧನ್ಯವಾದ. ಒಂದು ಪ್ರಶ್ನೆ ಉಳಿಯಿತು. ನಮ್ಮ ಹಾದಿಯಲ್ಲಿ ಒಂದು ಕೆರೆ ಬರುತ್ತದೆ, ಚಳಿಗಾಲಕ್ಕೆ ಹೆಪ್ಪುಗಟ್ಟುತ್ತದೆ. ಮನುಷ್ಯರು ಅದರ ಮೇಲೆ ನಡೆದಾಡುತ್ತಾರೆ. ಗಾಡಿಯ ಒತ್ತಡ ಮನುಷ್ಯನದ್ದಕ್ಕಿಂತ ಕಡಿಮೆ ಅಂದಮೇಲೆ ಗಾಡಿಯೂ ಹೋಗಬಹುದು, ಅಲ್ವಾ?

ಬಿಳಿಗುಡ್ಡ ಬರೆದಿದ್ದಾರೆ:

ಬೇಡ! ಈ ಲೆಕ್ಕ ಹಿಡಿದು ಯಾರೂ ಮಂಜುಗಡ್ಡೆಯ ಮೇಲೆ ಹೋಗಬೇಡಿ, ಓದುತ್ತಿರುವ ಎಲ್ಲರಿಗೂ ಹೇಳುತ್ತಿದ್ದೇನೆ.

ನೆಲದ ಒತ್ತಡ ಕೆಲಸಕ್ಕೆ ಬರುವುದು ಹಿಮ ಮತ್ತು ಮಣ್ಣಿನಲ್ಲಿ. ನೀರಿನ ಮೇಲಿನ ಮಂಜುಗಡ್ಡೆ ಒಂದು ಹಲಗೆಯ ತರಹ ಬಾಗುತ್ತದೆ. ಅಲ್ಲಿ ಲೆಕ್ಕಕ್ಕೆ ಬರುವುದು ಒಟ್ಟು ತೂಕ. ಟ್ರ್ಯಾಕ್ ಎಷ್ಟೇ ಅಗಲವಿರಲಿ, ಆರು ಟನ್ ಆರು ಟನ್ನೇ. ಕೆನಡಾದ ಲೋರ್ನ್ ಗೋಲ್ಡ್ ಕೊಟ್ಟ ಒಂದು ಸೂತ್ರವನ್ನು ಇವತ್ತಿಗೂ ಬಳಸುತ್ತಾರೆ: ಮಂಜುಗಡ್ಡೆಯ ದಪ್ಪವನ್ನು ಸೆಂಟಿಮೀಟರಿನಲ್ಲಿ ಅಳೆದು ಅದರ ವರ್ಗ ಮಾಡಿ, 4ರಿಂದ ಗುಣಿಸಿ, ಬಂದದ್ದು ಹೊರಬಹುದಾದ ಕಿಲೋ. ಎಚ್ಚರಿಕೆ ಇರಲಿ ಅನ್ನುವವರು 3.5ರಿಂದ ಗುಣಿಸುತ್ತಾರೆ. 20 ಸೆಂಟಿಮೀಟರಿಗೆ 1,400 ಕಿಲೋ ಬರುತ್ತದೆ. 40 ಸೆಂಟಿಮೀಟರಿಗೆ 5,600. ತುಂಬಿದ ಎರಡು ಕ್ಯಾಬಿನ್ ಗಾಡಿಗೆ 40 ಸೆಂಟಿಮೀಟರ್ ಕೂಡ ಸಾಲದು. ಈ ಲೆಕ್ಕವೂ ತಿಳಿಯಾದ, ನೀಲಿಯ, ಬಿರುಕಿಲ್ಲದ ಮಂಜುಗಡ್ಡೆಗೆ ಮಾತ್ರ. ಹಿಮ ನೆನೆದು ಗಟ್ಟಿಯಾದ ಬಿಳಿಯದ್ದನ್ನು ಅರ್ಧ ದಪ್ಪ ಅಂತ ಎಣಿಸಬೇಕು. ಕರಗುವ ಕಾಲದಲ್ಲಿ ಲೆಕ್ಕವೇ ಬೇಡ.

ಜೋರಾಗಿ ಓಡಿಸಿ ದಾಟಿಬಿಡೋಣ ಅನ್ನುವವರೂ ಇದ್ದಾರೆ. ಗಾಡಿ ಹೋದಂತೆ ಕೆಳಗಿನ ನೀರಿನಲ್ಲಿ ಒಂದು ಅಲೆ ಏಳುತ್ತದೆ. ಗಾಡಿಯ ವೇಗ ಆ ಅಲೆಯ ವೇಗಕ್ಕೆ ಹೊಂದಿಬಿಟ್ಟರೆ ಮಂಜುಗಡ್ಡೆ ನಿಂತ ಭಾರಕ್ಕಿಂತ ಜಾಸ್ತಿ ಬಾಗುತ್ತದೆ, ದಡದ ಹತ್ತಿರ ಒಡೆಯುತ್ತದೆ. ಕೆರೆ ಸುತ್ತಿ ಹೋಗುವ ದಾರಿ ಇದ್ದರೆ, ಎಷ್ಟೇ ದೂರವಾದರೂ, ಅದೇ ನಿಮ್ಮ ದಾರಿ.

ಕಿಟ್‌ಮೆಕ್ಯಾನಿಕ್ ಬರೆದಿದ್ದಾರೆ:

ಟ್ರ್ಯಾಕ್ ಕಿಟ್ ಹಾಕುವ ಕೆಲಸ ಮಾಡುತ್ತೇನೆ, ಹಾಗಾಗಿ ಅದರ ಪರ ಎರಡು ಮಾತು, ವಿರುದ್ಧ ನಾಲ್ಕು ಮಾತು.

ಕಿಟ್ ಹಾಕಿದರೆ ಗಾಡಿ ಹಗುರವಾಗೇ ಇರುತ್ತದೆ. ಟ್ರೇಲರ್ ಮೇಲೆ ಹೇರಬಹುದು. ಸಿಕ್ಕಿಕೊಂಡರೆ ನಾಲ್ಕು ಜನ ಸೇರಿ ಅಲುಗಾಡಿಸಬಹುದು. ಬೇಸಿಗೆಗೆ ಮತ್ತೆ ಚಕ್ರ ಹಾಕಬಹುದು. ಬಿಡಿಭಾಗ ಸಿಗುತ್ತವೆ.

ಆದರೆ ಆ ಗಾಡಿಯನ್ನು ಮಾಡಿದ್ದು ಚಕ್ರಕ್ಕೆ. ಟ್ರ್ಯಾಕ್ ಭಾರ, ನೆಲದಲ್ಲಿ ಅದು ಕಚ್ಚುವ ಬಲ ಎರಡೂ ಸೇರಿ ಆಕ್ಸಲ್, ಬೇರಿಂಗ್, ಟೈ ರಾಡ್ ಎಲ್ಲದರ ಮೇಲೆ ಬೀಳುತ್ತವೆ. ಸ್ಟೀರಿಂಗ್ ಬಿಗಿಯಾಗುತ್ತದೆ. ಸಿವಿಟಿ ಬೆಲ್ಟ್ (ಇಂಜಿನ್ ಶಕ್ತಿಯನ್ನು ಗೇರ್‌ಪೆಟ್ಟಿಗೆಗೆ ಒಯ್ಯುವ ರಬ್ಬರ್ ಪಟ್ಟಿ) ಇದ್ದರೆ ಅದು ಬೇಗ ಕಾಯುತ್ತದೆ, ಲೋ ಗೇರ್ ಬಿಟ್ಟು ಹತ್ತಬೇಡಿ. ಟ್ರ್ಯಾಕ್ ಮೂತಿ ಜಾಸ್ತಿ ಎದ್ದು ಬಾಡಿಗೆ ತಾಗದಂತೆ ತಡೆಯುವ ರಾಡ್ ಇರುತ್ತದೆ. ಅದರ ಹೊಂದಿಕೆ ಸರಿ ಇಲ್ಲದಿದ್ದರೆ ದಿಬ್ಬ ಹತ್ತುವಾಗ ಟ್ರ್ಯಾಕ್ ಹಿಂದಕ್ಕೆ ಉರುಳಿ ಫೆಂಡರ್ ಹರಿಯುತ್ತದೆ. ಒಣ ಕಲ್ಲುನೆಲದಲ್ಲಿ ದೂರ ಓಡಿಸಿದರೆ ರಬ್ಬರ್, ಒಳಗಿನ ರೋಲರ್ ಎರಡೂ ಸವೆಯುತ್ತವೆ.

ಇವೆಲ್ಲಕ್ಕಿಂತ ಮುಖ್ಯ ಜಾಗದ ಪ್ರಶ್ನೆ. ಸೈಡ್-ಬೈ-ಸೈಡ್‌ನಲ್ಲಿ ಸ್ಟ್ರೆಚರ್ ಇಡುವುದು ಹಿಂದಿನ ತೆರೆದ ಡಬ್ಬದಲ್ಲಿ. ಭಾರವೆಲ್ಲ ಬಾಲಕ್ಕೆ. ಬಿಳಿಗುಡ್ಡ ಹೇಳಿದ್ದು ನೆನಪಿಟ್ಟುಕೊಳ್ಳಿ. ಕಿಟ್ ವ್ಯಾಪಾರ ನನಗೇ ಬಂದರೂ, ಮಲಗಿದ ರೋಗಿಯನ್ನು ಒಯ್ಯಲು ಅದೊಂದೇ ಗಾಡಿ ಇಟ್ಟುಕೊಳ್ಳಿ ಅಂತ ನಾನು ಹೇಳಲಾರೆ.

ಆರೈಕೆ ಬರೆದಿದ್ದಾರೆ:

ನಾನು ನರ್ಸ್. ಗಾಡಿ ಓಡಿಸಿಲ್ಲ, ಹಿಂದೆ ರೋಗಿಯ ಪಕ್ಕ ಕೂತು ಬಂದಿದ್ದೇನೆ. ಅಲ್ಲಿಂದ ಕಾಣುವುದನ್ನು ಹೇಳುತ್ತೇನೆ.

ಹಿಂದಿನ ಕ್ಯಾಬಿನ್‌ನಲ್ಲಿ ಸದ್ದು ಎಷ್ಟಿರುತ್ತದೆ ಅಂದರೆ ಸ್ಟೆತಾಸ್ಕೋಪ್ ಇಟ್ಟರೆ ಏನೂ ಕೇಳುವುದಿಲ್ಲ. ನಾಡಿ ಬೆರಳಿಂದ ಹಿಡಿದೇ ನೋಡಬೇಕು, ಅದೂ ಗಾಡಿ ನಿಂತಾಗ. ಬೆರಳಿಗೆ ಹಾಕುವ ಆಮ್ಲಜನಕದ ಮೀಟರ್ ಚಳಿಯಲ್ಲಿ ತಣ್ಣಗಾದ ಬೆರಳಿಗೆ ಸರಿಯಾಗಿ ಓದುವುದಿಲ್ಲ. ಚಾಲಕನ ಜೊತೆ ಮಾತಾಡಲು ಇಂಟರ್‌ಕಾಮ್ ಇರಲೇಬೇಕು. ಎರಡು ಕ್ಯಾಬಿನ್ ಬೇರೆ ಬೇರೆ ಅನ್ನುವುದನ್ನು ಮರೆಯಬೇಡಿ, ಹಿಂದೆ ಕೂಗಿದ್ದು ಮುಂದೆ ಕೇಳುವುದಿಲ್ಲ.

ನನಗೆ ನಿಜವಾಗಿ ಭಯ ಹೊಗೆಯದ್ದು. ಗಾಡಿ ಹಿಮದಲ್ಲಿ ಸಿಕ್ಕಿ ನಿಂತಾಗ ಬಿಸಿ ಇರಲಿ ಅಂತ ಇಂಜಿನ್ ಓಡಿಸುತ್ತಲೇ ಇರುತ್ತಾರೆ. ಸೈಲೆನ್ಸರ್ ಬಾಯಿ ಹಿಮದಲ್ಲಿ ಹೂತಿದ್ದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರುತ್ತದೆ. ಅದಕ್ಕೆ ವಾಸನೆ ಇಲ್ಲ. ತಲೆನೋವು, ಮಂಪರು ಅಂತ ಹೇಳಬೇಕಾದ ರೋಗಿಯೇ ಮೊದಲೇ ನರಳುತ್ತಾ ಮಲಗಿರುತ್ತಾರೆ. ಅದರ ಅಲಾರಂ ಹಿಂದಿನ ಕ್ಯಾಬಿನ್‌ನಲ್ಲೇ ಹಾಕಿಸಿ. ನಿಂತ ಕೂಡಲೇ ಒಬ್ಬರು ಇಳಿದು ಸೈಲೆನ್ಸರ್ ಸುತ್ತ ಹಿಮ ತೆಗೆಯಬೇಕು ಅಂತ ತಂಡದಲ್ಲಿ ನಿಯಮ ಮಾಡಿಬಿಡಿ. ಹೀಟರ್ ಇಂಜಿನ್ ಇಲ್ಲದೆಯೂ ಓಡುವಂಥದ್ದಾದರೆ ಇನ್ನೂ ಒಳ್ಳೆಯದು, ಅದರ ಹೊಗೆಕೊಳವೆಯನ್ನೂ ಹೀಗೇ ನೋಡಿಕೊಳ್ಳಬೇಕು.

ಸ್ಪ್ರಾಕೆಟ್ ಬರೆದಿದ್ದಾರೆ:

ಆರೈಕೆ ಅವರ ಮಾತನ್ನು ಪ್ರಿಂಟ್ ತೆಗೆದು ಗಾಡಿಯೊಳಗೆ ಅಂಟಿಸಿ.

ಹಳೇಪುಟ ಬರೆದಿದ್ದಾರೆ:

ಇಂಜಿನ್ ವಿಷಯ ಬಂತಲ್ಲ, ಒಂದು ಮಾತು. 1911ರಲ್ಲಿ ರಾಬರ್ಟ್ ಸ್ಕಾಟ್ ಅಂಟಾರ್ಕ್ಟಿಕಾಕ್ಕೆ ಒಯ್ದ ಮೂರು ಮೋಟಾರು ಸ್ಲೆಡ್ಜ್‌ಗಳಲ್ಲಿ ಒಂದು ಹಡಗಿನಿಂದ ಇಳಿಸುವಾಗಲೇ ಮಂಜುಗಡ್ಡೆ ಒಡೆದು ಸಮುದ್ರದ ಪಾಲಾಯಿತು. ಉಳಿದ ಎರಡು ಸ್ವಲ್ಪ ದೂರ ಹೋಗಿ ಇಂಜಿನ್ ವಿಪರೀತ ಕಾದು ಕೆಟ್ಟು ನಿಂತವು. ಅಷ್ಟು ಚಳಿಯಲ್ಲಿ ಇಂಜಿನ್ ಕಾಯುತ್ತದಾ ಅಂತ ಅನಿಸಬಹುದು. ನಿಧಾನ ವೇಗ, ಪೂರ್ತಿ ಭಾರ, ಇದು ಯಾವ ಇಂಜಿನ್ನನ್ನೂ ಕಾಯಿಸುತ್ತದೆ. ಇವತ್ತಿಗೂ ರೇಡಿಯೇಟರ್ ಮುಂದೆ ಹಿಮ ತುಂಬಿಕೊಂಡರೆ ಅದೇ ಕಥೆ.

ಕಿಟ್‌ಮೆಕ್ಯಾನಿಕ್ ಬರೆದಿದ್ದಾರೆ:

ಚಳಿಯ ನಿರ್ವಹಣೆ ನಾನು ಹೇಳುತ್ತೇನೆ. ಸಂಜೆ ಗಾಡಿ ನಿಲ್ಲಿಸುವ ಮುಂಚೆ ಟ್ರ್ಯಾಕ್ ಒಳಗಿನ ಕೆಸರು, ಹಿಮ ಎಲ್ಲ ಕೆರೆದು ತೆಗೆಯಿರಿ. ಬೇಸರದ ಕೆಲಸ, ನಿಜ. ಆದರೆ ರಾತ್ರಿ ಅದು ಕಲ್ಲಾಗುತ್ತದೆ. ಬೆಳಗ್ಗೆ ಗೇರ್ ಹಾಕಿದರೆ ರೋಲರ್ ತಿರುಗದು, ಸ್ಪ್ರಾಕೆಟ್ ಹಲ್ಲಿನ ನಡುವೆ ಗಟ್ಟಿ ಹಿಮ ಸಿಕ್ಕಿ ಟ್ರ್ಯಾಕ್ ಬಿಗಿದುಕೊಳ್ಳುತ್ತದೆ, ಇಲ್ಲವೇ ಹಲ್ಲು ಹಾರುತ್ತದೆ. ನೆಲದ ಮೇಲೆ ನೇರ ನಿಲ್ಲಿಸಬೇಡಿ. ಹಲಗೆ ಅಥವಾ ಮರದ ಕೊಂಬೆ ಹಾಸಿ ಅದರ ಮೇಲೆ ಹತ್ತಿಸಿ ನಿಲ್ಲಿಸಿ. ಹಾಸದೇ ಬಿಟ್ಟರೆ ಟ್ರ್ಯಾಕ್ ನೆಲಕ್ಕೇ ಹೆಪ್ಪುಗಟ್ಟಿ ಅಂಟಿಕೊಳ್ಳುತ್ತದೆ.

ಡೀಸೆಲ್ ಚಳಿಗಾಲದ್ದೇ ಹಾಕಿ. ಬೇಸಿಗೆಯ ಡೀಸೆಲ್‌ನಲ್ಲಿ ಮೇಣ ಕಟ್ಟಿ ಫಿಲ್ಟರ್ ಮುಚ್ಚುತ್ತದೆ. ಬ್ಯಾಟರಿ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಹೋದಾಗ ತನ್ನ ಬಲದ ಅರ್ಧದ ಹತ್ತಿರಕ್ಕೆ ಬರುತ್ತದೆ, ಅದೇ ಹೊತ್ತಿಗೆ ಎಣ್ಣೆ ಗಟ್ಟಿಯಾಗಿ ಇಂಜಿನ್ ತಿರುಗಿಸಲು ಜಾಸ್ತಿ ಬಲ ಬೇಕು. ಬ್ಲಾಕ್ ಹೀಟರ್ (ಸ್ಟಾರ್ಟ್ ಮಾಡುವ ಮುಂಚೆ ಇಂಜಿನ್ ಬಿಸಿ ಮಾಡುವ ಹೀಟರ್) ಇಲ್ಲದ ಗಾಡಿ ತುರ್ತು ಕೆಲಸಕ್ಕೆ ಬೇಡ.

ಟ್ರ್ಯಾಕ್ ಬಿಗಿ ಆಗಾಗ ನೋಡಿ. ಸಡಿಲಾದರೆ ತಿರುವಿನಲ್ಲಿ ಕಳಚುತ್ತದೆ. ಜಾಸ್ತಿ ಬಿಗಿದರೆ ಬೇರಿಂಗ್ ತಿನ್ನುತ್ತದೆ.

ಜೌಗುನೆಲ ಬರೆದಿದ್ದಾರೆ:

ಇನ್ನೊಂದು ಹೇಳಬೇಕು. ಹುದುಲಿನ ಮೇಲೆ ಗಾಡಿಯ ಗುರುತು ಬೇಗ ಮಾಯುವುದಿಲ್ಲ. ಉತ್ತರದ ತಂಪು ಪ್ರದೇಶಗಳಲ್ಲಿ ದಶಕಗಳ ಹಿಂದಿನ ಜಾಡು ಇನ್ನೂ ಕಾಣುತ್ತದೆ. ಹಾಸು ಹರಿದ ಕಡೆ ನೀರು ಹರಿಯಲು ಶುರುವಾಗಿ ಕಾಲುವೆಯಾಗಿಬಿಡುತ್ತದೆ. ಅಲಾಸ್ಕಾದ ಉತ್ತರ ಭಾಗದಲ್ಲಿ ಭಾರಿ ಗಾಡಿಗಳನ್ನು ಟಂಡ್ರಾ (ಮರಗಳಿಲ್ಲದ ಶೀತ ಬಯಲು) ಮೇಲೆ ಬಿಡುವುದು ನೆಲ ಸಾಕಷ್ಟು ಹೆಪ್ಪುಗಟ್ಟಿ, ಮೇಲೆ ಸಾಕಷ್ಟು ಹಿಮ ಬಿದ್ದ ಮೇಲೇ. ನಿಮ್ಮದು ಜೀವ ಉಳಿಸುವ ಕೆಲಸ, ಕರೆ ಬಂದರೆ ಹೋಗಲೇಬೇಕು. ಅಭ್ಯಾಸಕ್ಕೆ ಮಾತ್ರ ಹುದುಲಿನ ಮೇಲೆ ಸುತ್ತಾಡಬೇಡಿ, ಅಂಚಿನ ಗಟ್ಟಿ ನೆಲದಲ್ಲಿ ಕಲಿಯಿರಿ.

ಹಿಮದಾರಿ ಬರೆದಿದ್ದಾರೆ:

ತಂಡದವರೆಲ್ಲ ಕೂತು ಇದನ್ನು ಓದಿದೆವು. ರೋಗಿಗೆ ಎರಡು ಕ್ಯಾಬಿನ್ ಗಾಡಿಯೇ ಅಂತ ನಿರ್ಧರಿಸಿದ್ದೇವೆ. ನೋಡಲು ಹೋಗುವಾಗ ರೋಲರ್ ಎಣಿಸುತ್ತೇವೆ, ಹಿಂದಿನ ಕ್ಯಾಬಿನ್‌ನಲ್ಲಿ ಕೂತೇ ಒಂದು ಸುತ್ತು ಹೋಗುತ್ತೇವೆ. ಕೆರೆಯ ದಾರಿ ಕೈಬಿಟ್ಟೆವು. ಕೊನೆಯದಾಗಿ, ಹಳೆಯ ಗಾಡಿಯಲ್ಲಿ ಏನು ಕೆಟ್ಟಿದ್ದರೆ ತೆಗೆದುಕೊಳ್ಳಲೇಬಾರದು?

ಸ್ಪ್ರಾಕೆಟ್ ಬರೆದಿದ್ದಾರೆ:

ಇಂಜಿನ್ ಹಳೆಯದಾಗಿದ್ದರೆ ಭಯ ಬೇಡ, ಅದನ್ನು ರಿಪೇರಿ ಮಾಡುವವರು ಸಿಗುತ್ತಾರೆ. ನಡುವಿನ ಕೀಲನ್ನು ನೋಡಿ. ಗಾಡಿ ನಿಲ್ಲಿಸಿ ಸ್ಟೀರಿಂಗ್ ಎಡಕ್ಕೆ ಬಲಕ್ಕೆ ಪೂರ್ತಿ ತಿರುಗಿಸಿ. ಸಿಲಿಂಡರ್‌ಗಳಿಂದ ಎಣ್ಣೆ ಜಿನುಗುತ್ತದಾ, ಪಿನ್‌ಗಳ ಬಳಿ ಲೊಡಲೊಡ ಆಡುತ್ತದಾ ನೋಡಿ. ಹಿಂದಿನ ಕ್ಯಾಬಿನ್‌ಗೆ ಶಕ್ತಿ ಒಯ್ಯುವ ಶಾಫ್ಟ್ ಅಲ್ಲೇ ಹಾದುಹೋಗುತ್ತದೆ, ಅದರ ಜಾಯಿಂಟ್ ಕೈಯಿಂದ ಅಲ್ಲಾಡಿಸಿ.

ಆಮೇಲೆ ರಬ್ಬರ್ ಟ್ರ್ಯಾಕ್. ಮೇಲಿನ ಅಚ್ಚು ಸವೆದಿದ್ದರೆ ಪರವಾಗಿಲ್ಲ. ಅಂಚಿನ ರಬ್ಬರ್ ಬಿರಿದು ಒಳಗಿನ ದಾರದ ಎಳೆಗಳು ಹೊರಗೆ ಕಾಣುತ್ತಿದ್ದರೆ ಒಳಗೆ ನೀರು ಹೋಗಿದೆ ಅಂತಲೇ ಲೆಕ್ಕ. ಒಂದು ಟ್ರ್ಯಾಕ್ ಹಾಗಿದ್ದರೆ ಬದಲಿ ಸಿಗುತ್ತದಾ ಅಂತ ಮೊದಲು ವಿಚಾರಿಸಿ, ಆಮೇಲೆ ಮಾತುಕತೆ. ನಾಲ್ಕೂ ಹಾಗಿದ್ದರೆ ಬಿಟ್ಟು ಬನ್ನಿ.

ಜೌಗುನೆಲ ಬರೆದಿದ್ದಾರೆ:

ಈ ಎರಡು ಕ್ಯಾಬಿನ್ ಗಾಡಿಗಳು ನೀರಿನಲ್ಲಿ ತೇಲಿಯೂ ಹೋಗುತ್ತವೆ, ಹಾಗಾಗಿ ತಳದ ನೀರು ಬಿಡುವ ಬಿರಡೆಗಳು ಎಷ್ಟಿವೆ ಅಂತ ಕೇಳಿ ಬರೆದುಕೊಳ್ಳಿ. ನೀರಿಗಿಳಿಯುವ ಮುಂಚೆ ಎಲ್ಲ ಹಾಕಿದೆಯಾ ಅಂತ ಎಣಿಸಲು ಬೇಕು. ನೀರಿನಲ್ಲಿ ಈ ಗಾಡಿಗಳು ಮನುಷ್ಯ ನಡೆಯುವಷ್ಟು ವೇಗದಲ್ಲೇ ಹೋಗುವುದು, ಹರಿವು ಜೋರಿದ್ದರೆ ಇಳಿಸಬೇಡಿ. ಇಳಿಯುವ ಮುಂಚೆ ಆಚೆ ದಡ ಹತ್ತಲು ಆಗುತ್ತದಾ ನೋಡಿಕೊಳ್ಳಿ, ಸಿಕ್ಕಿಕೊಳ್ಳುವುದು ಹೆಚ್ಚಾಗಿ ಅಲ್ಲೇ.